ಮೂರು ಗಂಟಿನ ಬಂಡಿ

ಬಹಳ ಕಾಲದ ಹಿಂದೆ, ಕಂದರವಳ್ಳಿ ಎಂಬ ರಾಜ್ಯದಲ್ಲಿ, ಮಂಕುಮಲೆಯ ಕಾಡಿನಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಆದ್ದರಿಂದ ಕಾಡಿಗೆ ಹೊರಟವರು ಒನಕೆಯನ್ನೂ ಬಿಡದೆ ಹೇರಿಕೊಂಡು ಹೋಗುತ್ತಿದ್ದರು. ಹೋದವರು ಮರಳುತ್ತಿರಲಿಲ್ಲ. ಸಾಮಾನು ಸಾಲಲಿಲ್ಲ ಎಂದು ಊರು ತೀರ್ಮಾನಿಸುತ್ತಿತ್ತು.

ನೇಯುವ ನೀಲವ್ವನ ಮಗಳು ಸೋಬಿ ಮಾಂತ್ರಿಕ ಕರಿಗೋರನ ನೆರಳು ತುಳಿದು, ಪಾದದಿಂದ ಮೇಲಕ್ಕೆ ಕಲ್ಲಾಗತೊಡಗಿದಳು. ಕಾಡಿನಾಚೆಯ ಚಿಲುಮೆಯಲ್ಲಿ ಮಿಂದರೆ ವಾಸಿ. ಮೂರು ದಿನದ ದಾರಿ. ನಾಲ್ಕನೆಯ ದಿನ ಮುಗಿಯುವಷ್ಟರಲ್ಲಿ ಕಲ್ಲು ಎದೆಗೇರುತ್ತದೆ. ರಾಜ ಎತ್ತಿಲ್ಲದೆ ನಡೆಯುವ ತನ್ನ ಬಂಡಿ ಕೊಟ್ಟ. ಬಂಡಿಗೆ ಬಾಯಿಯೂ ಇತ್ತು.

ಹೊರಟವರಿಗೆ ಮನೆಗೊಂದು ಸಾಮಾನು ಕೊಡುವುದು ಅಲ್ಲಿಯ ಪದ್ಧತಿ. ಮಂಚ ಬಂತು, ಹಂಡೆ ಬಂತು, ಬೀಸುಕಲ್ಲು ಬಂತು.

"ಇರಲಿ ತಗೊಳ್ಳೇ ನೀಲಿ, ಬೇಕಾಗ್ತದೆ," ಎಂದಳು ಪಕ್ಕದ ಮನೆಯ ದುಂಡವ್ವ.

"ಬೀಸುಕಲ್ಲು ಯಾಕಮ್ಮ, ಹುಲಿಗೆ ರೊಟ್ಟಿ ತಟ್ಟೋಕಾ?" ಎಂದಿತು ಬಂಡಿ. "ಮೂರು ಜನ, ಮೂರು ಗಂಟು. ಹೆಚ್ಚಾದರೆ ನಾನು ಇಲ್ಲೇ ಕೂತೆ."

ನೀಲವ್ವ ಎಲ್ಲ ಇಳಿಸಿದಳು. ದುಂಡವ್ವ ಮುಖ ತಿರುಗಿಸಿದಳು. ಗಂಡ ಮಾದಣ್ಣ, ಮಗಳು, ಒಂದು ಮಡಕೆ, ಒಂದು ಕಂಬಳಿ, ಒಂದು ಬುತ್ತಿ. ಹೊರಟರು.

ಮೊದಲ ಸಂಜೆ ಸೋಬಿ ಮೊಣಕಾಲಿನವರೆಗೆ ಕಲ್ಲಾದಳು. "ಹುಡುಗಿ ಭಾರವಾದಳು, ಒಂದು ಗಂಟು ಇಳಿಸಿ," ಎಂದಿತು ಬಂಡಿ. ಮಡಕೆ ಇಳಿಯಿತು. ಮುಂದಿನ ಹೊಳೆಯಲ್ಲಿ ಒಬ್ಬ ರಾಕ್ಷಸಿ ತಲೆ ತೊಳೆಯುತ್ತಿದ್ದಳು.

"ಅಕ್ಕಾ, ಒಂದು ಮಡಕೆ ಕೊಡ್ತೀಯಾ?" ಎಂದಳು ನೀಲವ್ವ.

"ಅಕ್ಕ ಅಂದದ್ದು ನನ್ನನ್ನಾ?" ರಾಕ್ಷಸಿ ಒದ್ದೆ ಕೂದಲು ಸರಿಸಿ ಮಡಕೆ ಚಾಚಿದಳು. "ತಗೋ. ಹೋಗುವಾಗ ಇಲ್ಲೇ ಇಡು."

ಎರಡನೆಯ ಸಂಜೆ ಕಲ್ಲು ತೊಡೆಗೇರಿತು, ಕಂಬಳಿ ಇಳಿಯಿತು. ನೀಲವ್ವ ದಾರಿಯಲ್ಲಿ ಸಿಕ್ಕ ಕರಡಿಯನ್ನು ಹೊದೆಯಲು ಏನಾದರೂ ಕೊಡು ಎಂದು ಕೇಳಿದಳು. ಕರಡಿ ಪಕ್ಕದಲ್ಲೇ ಮಲಗಿ, ಬೆಚ್ಚಗೆ ಒರಗಲು ಮೂವರಿಗೂ ಬೆನ್ನು ಕೊಟ್ಟಿತು. ಗೊರಕೆಯಲ್ಲಿ ಮಾದಣ್ಣ ಅದಕ್ಕೆ ಸೋತ.

ಮೂರನೆಯ ಸಂಜೆ ಕಲ್ಲು ಸೊಂಟಕ್ಕೇರಿತು. "ಅವ್ವಾ, ನನ್ನನ್ನೇ ಇಳಿಸಿಬಿಡು," ಎಂದಳು ಸೋಬಿ.

"ನೀನು ಗಂಟಲ್ಲ, ಸುಮ್ಮನಿರು," ಎಂದಿತು ಬಂಡಿ.

ಬುತ್ತಿ ಇಳಿಯಿತು. ನೀಲವ್ವ ಎರಡು ತಲೆಯ ಹದ್ದನ್ನು ಊಟ ಕೇಳಿದಳು. ಒಂದು ತಲೆ ಬೈಯಿತು, ಇನ್ನೊಂದು ಅತ್ತಿಹಣ್ಣು ತಂದುಕೊಟ್ಟಿತು.

ನಾಲ್ಕನೆಯ ಬೆಳಗ್ಗೆ ಚಿಲುಮೆ ಸಿಕ್ಕಿತು. ಅದಕ್ಕೆ ಅಡ್ಡವಾಗಿ ಕರಿಗೋರ ಕೂತಿದ್ದ, ಸುತ್ತ ಹುತ್ತಗಳು. ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ: "ಏನು ಬಿಟ್ಟು ಬಂದೆ?" ಬಿಟ್ಟದ್ದರ ಹೆಸರು ಹೇಳಿದವರು ಅಲ್ಲೇ ಹುತ್ತವಾಗುತ್ತಿದ್ದರು. ಎಂಟು ಬಂಡಿ ಸಾಮಾನು ತಂದಿದ್ದ ಒಬ್ಬ ವರ್ತಕ ತಲೆ ಕೆರೆದುಕೊಂಡು, "ಉಪ್ಪಿನಕಾಯಿ ಸೌಟು," ಎಂದಿದ್ದ.

"ನನಗೆ ಕೊರತೆ ಅನ್ನಿಸಿದ್ದು ಏನೂ ಇಲ್ಲ," ಎಂದಳು ನೀಲವ್ವ.

"ಸರಿಯಾಗಿ ಯೋಚಿಸು."

"ಯೋಚಿಸಿದೆ. ನೀರು ಕುಡಿದೆವು, ಬೆಚ್ಚಗೆ ಮಲಗಿದೆವು, ಉಂಡೆವು. ಕೊಟ್ಟವರ ಹೊಟ್ಟೆ ತಣ್ಣಗಿರಲಿ. ದಾರಿ ಬಿಡು."

ಹಿಡಿಯಲು ಹೆಸರು ಸಿಗದೆ ಮಂತ್ರ ಹಿಂದಿರುಗಿ ಕರಿಗೋರನನ್ನೇ ಹಿಡಿಯಿತು. ಅವನು ಹುತ್ತವಾದ, ಅದೂ ಸಣ್ಣದು. ಉಳಿದ ಹುತ್ತಗಳು ಒಡೆದು ಜನ ಎದ್ದು ಬಂದರು. ಸೋಬಿ ಮಿಂದಳು, ಓಡಿದಳು, ಮುಂದೆಯೂ ಬಹಳ ವರ್ಷ ಓಡಾಡಿಕೊಂಡಿದ್ದಳು. ರಾಜ್ಯವೆಲ್ಲ ಸುಖವಾಗಿತ್ತು.

ಮರಳುವಾಗ ನೀಲವ್ವ ಹದ್ದಿಗೆ, ಕರಡಿಗೆ ಕೈಮುಗಿದು, ಹೊಳೆಯಲ್ಲಿ ರಾಕ್ಷಸಿಯ ಪಾದ ಮುಟ್ಟಿದಳು. "ನನ್ನ ಮಗಳು ನಡೀತಿರೋದು ನಿಮ್ಮಿಂದ ಅಕ್ಕಾ. ಆದರೆ ಹಿಂದೆ ಬಂದವರಿಗೆ ಯಾಕೆ ಏನೂ ಕೊಡಲಿಲ್ಲ?"

"ಯಾರೂ ಕೇಳಲಿಲ್ಲ," ಎಂದಳು ರಾಕ್ಷಸಿ.