ಪಿಸಿಲಾ ಒಪ್ಪಿಸಿದ ಪಾಠ

ಅಡುಗೆ ಹೂತು ಬೇಯಿಸುವ ನೆಲದೊಲೆಯ ಮಣ್ಣು ಸರಿಸಿದಾಗ ಎದ್ದ ಹಬೆ ಇನ್ನೂ ಮನೆಯೊಳಗೆ ಸುಳಿದಾಡುತ್ತಿತ್ತು. ಭಾನುವಾರದ ಪ್ರಾರ್ಥನೆ ಮುಗಿಸಿ ಬಂದ ಕಲೊಲೈನೆ ಚಾಪೆಯ ನಟ್ಟನಡುವೆ ಕುಳಿತು, ಕೆಸುವಿನೆಲೆಯ ಪೊಟ್ಟಣಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ಬಿಚ್ಚಿದಳು. ತೆಂಗಿನಹಾಲು ಬೆರಳಿನಿಂದ ಮೊಣಕೈವರೆಗೂ ಇಳಿಯಿತು. ಅದನ್ನು ಒರೆಸಿಕೊಳ್ಳುತ್ತಾ, ಇನ್ನೊಂದು ಚೂರು ಗೆಣಸು ಕೇಳುವಷ್ಟೇ ಸಲೀಸಾಗಿ ಹೇಳಿದಳು:

"ಪಿಸಿಲಾನ ನಾನು ಕರ್ಕೊಂಡು ಹೋಗ್ತೀನಿ."

ಬಡಿಸುತ್ತಿದ್ದ ಲೆಸಿಯೆಲಿಯ ಕೈ ಅಲ್ಲೇ ನಿಂತಿತು.

"ಎಲ್ಲಿಗೆ ಅತ್ತಿಗೆ?"

"ಎಲ್ಲಿಗೆ ಅಂದ್ರೆ? ನಿಯುವಾ ದ್ವೀಪಕ್ಕೆ, ನನ್ನ ಮನೆಗೆ. ಗಂಡ ಹೋದ, ಮಕ್ಕಳಿಲ್ಲ. ಈ ಬೆರಳು ನೋಡು, ಹುರಿ ಹಗ್ಗದ ಹಾಗೆ ಸುತ್ತಿಕೊಂಡಿವೆ. ಒಂದು ಚಾಪೆ ಹೆಣೆಯೋಕಾಗಲ್ಲ. ಹುಡುಗಿ ಕೈ ಚುರುಕಾಗಿದೆ. ನನ್ನ ಹತ್ರ ಇರ್ಲಿ."

ಬಾಗಿಲಾಚೆ, ಹಲಸಿನಂಥ ಕಾಯಿ ಬಿಡುವ ಮರದ ನೆರಳಿನಲ್ಲಿ, ಲೆಸಿಯೆಲಿಯ ಗಂಡ ಸಿತಿವೇನಿ ತಲೆ ತಗ್ಗಿಸಿ ಕುಳಿತಿದ್ದ. ಕಲೊಲೈನೆ ಅವನ ಅಕ್ಕ. ಅಕ್ಕ ಒಳಗಿದ್ದರೆ ತಮ್ಮ ಒಳಗೆ ಬರುವಂತಿಲ್ಲ. ಅಕ್ಕನ ಮಾತಿಗೆ ತಮ್ಮ ಎದುರಾಡುವಂತಿಲ್ಲ. ತಮ್ಮನ ಮಕ್ಕಳ ಮೇಲೆ ಹೆತ್ತವಳಿಗಿಂತ ಸೋದರತ್ತೆಗೇ ಹಕ್ಕು ಹೆಚ್ಚು. ಅವಳು ಬೇಕು ಎಂದರೆ ಹಂದಿಮರಿಯೂ ಅವಳದೇ, ಚಾಪೆಯೂ ಅವಳದೇ, ಮಗುವೂ ಅವಳದೇ... ಟೋಂಗಾದಲ್ಲಿ ಹುಟ್ಟಿದ ಯಾರಿಗೆ ಇದು ಗೊತ್ತಿಲ್ಲ?

ಪಿಸಿಲಾ ಮೂಲೆಯಲ್ಲಿ ಕುಳಿತು ಗೆಣಸಿನ ಸಿಪ್ಪೆ ಬಿಡಿಸುತ್ತಿದ್ದಳು. ಒಂಬತ್ತರ ಹುಡುಗಿ. ಹಸುಗೂಸಾಗಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ಹೊತ್ತೊಯ್ದಿತ್ತು. ತನ್ನ ಹೆಸರು ಆ ಮನೆಯೊಳಗೆ ಕೈ ಬದಲಾಗುತ್ತಿರುವುದು ಅವಳಿಗೆ ಕೇಳಿಸಲಿಲ್ಲ. ಆದರೆ ಅಮ್ಮನ ಮುಖ ಕಂಡಿತು. ಎದೆಯ ಮೇಲೆ ಬೆರಳೊತ್ತಿ, ಹುಬ್ಬೆತ್ತಿ ಕೇಳಿದಳು: 'ನೋವಾಯ್ತಾ ಅಮ್ಮಾ?'

ಲೆಸಿಯೆಲಿ ಇಲ್ಲವೆಂದು ಕೈಯಾಡಿಸಿದಳು.

"ಅಲ್ಲಿ ಅವಳಿಗೆ ಶಾಲೆ ಇಲ್ಲ ಅತ್ತಿಗೆ. ಕೈಮಾತು ಬಲ್ಲವರು ಒಬ್ಬರೂ ಇಲ್ಲ. ಅವಳು ಯಾರ ಜೊತೆ ಮಾತಾಡ್ತಾಳೆ?"

"ಮಾತಾಡೋದಾ!" ಕಲೊಲೈನೆ ಮೈ ಕುಲುಕಿಸಿ ನಕ್ಕಳು. "ಮಾತು ಬರೋ ನಾವೆಲ್ಲ ಮಾತಾಡಿ ಏನು ಗುಡ್ಡೆ ಹಾಕಿದೀವಿ? ಟೀಚರಮ್ಮ, ಕೈ ಆಡಿಸೋದು ಕಲಿಸೋಕೆ ನಿನಗೆ ಸಂಬಳ ಬೇರೆ ಕೊಡ್ತಾರಂತಲ್ಲ! ನಾನು ಬಿಟ್ಟಿ ಕಲಿಸ್ತೀನಿ. ಚಾಪೆ ಹೆಣೆದರೆ ಕೈ ತಾನಾಗೇ ಆಡುತ್ತೆ."

"ಅತ್ತಿಗೆ..."

"ಸುಮ್ನಿರು! ಇವಳು ಹುಟ್ಟೋವಾಗ ನನಗೆ ಹೇಳಿ ಕಳಿಸಿದ್ಯಾ? ಸೋದರತ್ತೆ ಬಂದು ಹೊಟ್ಟೆ ಸವರದೆ ಹೆತ್ತೆಯಲ್ಲ, ದೊಡ್ಡ ಓದಿದೋಳು! ಮಗುವಿನ ಕಿವಿ ಯಾಕೆ ಹೋಯ್ತು ಅಂತ ಊರಿಗೆಲ್ಲ ಗೊತ್ತಿದೆ."

ಬಾಗಿಲಾಚೆಯ ನೆರಳು ಅಲುಗಲಿಲ್ಲ. ಅಕ್ಕನ ಮುನಿಸೇ ಶಾಪವಾಗಿ ಕಿವಿ ಹೋಯಿತೆಂಬ ಆ ಮಾತನ್ನು ಗಂಡ ಇಷ್ಟು ವರ್ಷ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ಮನಸ್ಸಿನಲ್ಲಿ ನಂಬಿದ್ದ. ಅದು ಲೆಸಿಯೆಲಿಗೆ ಗೊತ್ತಿತ್ತು. ಮಗಳ ಕೈಮಾತನ್ನು ಅವನು ಒಂದಕ್ಷರವೂ ಕಲಿಯದೆ ಉಳಿದದ್ದು ಅದಕ್ಕೇ. ಕಲಿತರೆ ಅಕ್ಕನ ಶಾಪವನ್ನು ತಾನೂ ಒಪ್ಪಿಕೊಂಡಂತೆ ಎಂದು ಅವನಿಗೆ ಭಯ.

ಲೆಸಿಯೆಲಿ ಅತ್ತಿಗೆಯ ಮುಂದೆ ಚಾಪೆಗೆ ಹಣೆ ತಾಗುವಂತೆ ಬಗ್ಗಿದಳು. "ಒಂದೇ ಒಂದು ಕೇಳ್ಕೋತೀನಿ. ಮೇ ತಿಂಗಳ ಮಕ್ಕಳ ಭಾನುವಾರ ಬರ್ತಾ ಇದೆ. ಎಲ್ಲ ಮಕ್ಕಳ ಹಾಗೆ ಪಿಸಿಲಾನೂ ಚರ್ಚಿನ ಸಭೆ ಮುಂದೆ ಬೈಬಲ್ ಪಾಠ ಒಪ್ಪಿಸ್ತಾಳೆ. ಅದನ್ನ ನೋಡಿ, ಆಮೇಲೆ ಹೇಳಿ."

ಕಲೊಲೈನೆ ಹುಡುಗಿಯತ್ತ ನೋಡಿದಳು. ಅವಳೇನು ರಾಕ್ಷಸಿಯಲ್ಲ. ಖಾಲಿ ಮನೆಯಲ್ಲಿ ಒಬ್ಬಳೇ ದೀಪ ಹಚ್ಚಿ, ಒಬ್ಬಳೇ ಪ್ರಾರ್ಥನೆ ಹೇಳಿ ಸಾಕಾಗಿದ್ದ ಹೆಂಗಸು.

"ಆಯ್ತು. ಶುರುವಿಂದ ಕೊನೇವರೆಗೂ ತಪ್ಪದೆ ಒಪ್ಪಿಸಲಿ. ನಾನು ಬರಿಗೈಲಿ ಹಡಗು ಹತ್ತುತೀನಿ. ದೇವರ ಮುಂದೆ ಹೇಳಿದ ಮಾತು."

ಪ್ರಾಥಮಿಕ ಶಾಲೆಯ ಹಿಂಬದಿಗೆ ಲೆಸಿಯೆಲಿಯ ಕೋಣೆ. ಒಂದು ಕಾಲದಲ್ಲಿ ಮುರಿದ ಬೆಂಚು ಪೇರಿಸಿಡುತ್ತಿದ್ದ ಜಾಗ. ಆ ಬೆಂಚುಗಳನ್ನು ತಾನೇ ಹೊತ್ತು ಹಾಕಿ, ಮನೆಮನೆಗೆ ಹೋಗಿ, ಊನವಿದೆಯೆಂದು ಹಿತ್ತಿಲಲ್ಲಿ ಅಡಗಿಸಿಟ್ಟ ಮಕ್ಕಳನ್ನು ಕೇಳಿ ಕೇಳಿ ಕರೆತಂದವಳು ಅವಳು. ಟಾನಿಯೇಲಾನಿಗೆ ಗದ್ದಲವಾದರೆ ಮೇಜಿನ ಕೆಳಗೇ ಪಾಠ. ಅವಳೂ ಕೆಳಗೆ ತೂರಿಕೊಂಡು ಕೂರುತ್ತಿದ್ದಳು. ಕುತ್ತಿಗೆ ನಿಲ್ಲದ ಲಾಟಾ ಕಣ್ಣು ಮಿಟುಕಿಸಿ 'ಹೌದು' ಎನ್ನುವುದನ್ನು ಕಲಿಯಲು ಒಂದು ಇಡೀ ಮಳೆಗಾಲ ಹಿಡಿದಿತ್ತು. ಕಲಿತ ದಿನ ಲಾಟಾಳ ತಾಯಿ ಕೋಣೆಯ ಹೊಸ್ತಿಲಲ್ಲಿ ಕುಸಿದು ಅತ್ತಿದ್ದಳು... ಮೊದಲ ಸಲ ಮಗಳಿಗೆ ನೀರು ಬೇಕಾ ಎಂದು ಕೇಳಿ, ಉತ್ತರ ಪಡೆದ ತಾಯಿ!

ಪಾಠದ ಅಭ್ಯಾಸ ನಡೆದದ್ದೂ ಅಲ್ಲೇ. ದೇವರೇ ನನ್ನ ಕುರುಬ ಎನ್ನುವ ಕೀರ್ತನೆಯ ಒಂದೊಂದು ಸಾಲಿಗೂ ಲೆಸಿಯೆಲಿ ಕೈಮಾತು ಕಟ್ಟಿದಳು. ಹಸಿರು, ನೀರು, ಕತ್ತಲೆಯ ಕಣಿವೆ, ಭಯವಿಲ್ಲ. ಎಲ್ಲಕ್ಕೂ ಕೊನೆಗೆ ಎರಡು ಅಂಗೈ ಮೇಲೆತ್ತಿ ಬೆರಳ ತುದಿ ಕೂಡಿಸಿದರೆ, ಮನೆ. ಪಿಸಿಲಾಗೆ ಆ ಕೊನೆಯದೇ ಇಷ್ಟ. ಬೆರಳ ಮಾಡಿನ ಕೆಳಗೆ ಬಗ್ಗಿ ಇಣುಕಿ, ಒಳಗೆ ಯಾರಿದ್ದಾರೋ ಎಂಬಂತೆ ನಗುತ್ತಿದ್ದಳು.

ಮಕ್ಕಳ ಭಾನುವಾರ ಬಂತು. ಬಿಳಿ ಬಟ್ಟೆಯ ಮಕ್ಕಳು ಸಾಲಾಗಿ ನಿಂತರು. ಹಬ್ಬದ ಉಡುಗೆಯಾಗಿ ಸೊಂಟಕ್ಕೆ ಹೊಸ ಚಾಪೆ ಬಿಗಿದ ತಂದೆತಾಯಿಯರ ಬಾಯಿಯೂ ಮಕ್ಕಳ ಬಾಯಿಯ ಜೊತೆಗೇ ಆಡುತ್ತಿತ್ತು. ಒಬ್ಬ ಹುಡುಗ ಮರೆತು ಅತ್ತ, ಇನ್ನೊಬ್ಬಳು ಒಂದೇ ಉಸಿರಿಗೆ ಗಡಗಡ ಹೇಳಿ ಓಡಿದಳು, ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕಲೊಲೈನೆ. ಹಿಂದೆ, ದೂರದಲ್ಲಿ, ಸಿತಿವೇನಿ.

ಪಿಸಿಲಾ ಬಂದು ನಿಂತಳು. ಪಕ್ಕಕ್ಕೆ ನಿಂತ ಲೆಸಿಯೆಲಿ, ಮಗಳ ಕೈ ಹೇಳಿದ್ದನ್ನು ಬಾಯಲ್ಲಿ ಹೇಳತೊಡಗಿದಳು. ಹುಡುಗಿಯ ಬೆರಳುಗಳು ಹುಲ್ಲಿನಂತೆ ಬಾಗಿದವು, ನೀರಿನಂತೆ ಹರಿದವು. ಇಂಥ ಕೈಯನ್ನು ಆ ಜನ ಕಂಡದ್ದು ಒಂದೇ ಕಡೆ: ಮದುವೆಮನೆಯಲ್ಲಿ, ಹಬ್ಬದಲ್ಲಿ, ಮೈಗೆ ತೆಂಗಿನೆಣ್ಣೆ ಹಚ್ಚಿ ಹೆಣ್ಣುಮಕ್ಕಳು ಕುಣಿಯುವಾಗ!

"ಮಾಲಿಯೇ!" ಯಾರೋ ಭೇಷ್ ಎಂದು ಕೂಗಿದರು. ಚಪ್ಪಾಳೆ ಎದ್ದಿತು.

ಲೆಸಿಯೆಲಿ ದನಿ ಏರಿಸಿದಳು. ಆಗಲೇ ಹಿಂದಿನಿಂದ ಒಬ್ಬ ಓಡಿ ಬಂದ. ಸಿತಿವೇನಿ! ಕಣ್ಣಲ್ಲಿ ಧಾರಾಕಾರ ನೀರು, ಬಾಯಲ್ಲಿ ಕೇಕೆ. ಕುಣಿಯುವ ಹುಡುಗಿಯ ಹೆಚ್ಚುಗಾರಿಕೆ ತೋರಿಸಲು ಹತ್ತಿರದವರು ಎದ್ದು ಬಂದು, ಅವಳ ಸುತ್ತ ಕೋಡಂಗಿಯಂತೆ ಕುಣಿಯುವುದು ಅಲ್ಲಿನ ಪದ್ಧತಿ. ತನ್ನ ಮಗಳು, ಕಿವಿಯಿಲ್ಲದ ಮಗಳು, ಊರೇ ಮೆಚ್ಚುವ ಹಾಗೆ ಕುಣಿಯುತ್ತಿದ್ದಾಳೆ ಎಂದು ಅವನು ತಿಳಿದ. ತೋಳು ಚಾಚಿ, ಮೊಣಕಾಲು ಮಡಿಸಿ, ಅವಳ ಸುತ್ತ ಸುತ್ತಿದ.

"ಇದು ಕುಣಿತ ಅಲ್ಲ! ಪಾಠ ಹೇಳ್ತಿದ್ದಾಳೆ, ಬಿಡಿ... ದಮ್ಮಯ್ಯ, ಬಿಡಿ!" ಲೆಸಿಯೆಲಿಯ ಕೂಗು ಚಪ್ಪಾಳೆಯಲ್ಲಿ ಮುಳುಗಿತು.

ಪಿಸಿಲಾಗೆ ಚಪ್ಪಾಳೆ ಕೇಳಿಸಲಿಲ್ಲ. ಅವಳು ಕಂಡದ್ದು ಅಪ್ಪನನ್ನು. ಬುದ್ಧಿ ಬಂದಂದಿನಿಂದ ಅವಳ ಕೈ ಆಡಿದರೆ ಮುಖ ತಿರುಗಿಸುತ್ತಿದ್ದ ಅಪ್ಪ ಇವತ್ತು ಅವಳ ಕೈ ನೋಡಿ ನಗುತ್ತಿದ್ದಾನೆ, ಅಳುತ್ತಿದ್ದಾನೆ! ಕಣಿವೆಯ ಸಾಲಿನಲ್ಲಿ ಅವಳ ಬೆರಳು ತಡೆದು ನಿಂತವು. ಅಮ್ಮನತ್ತ ಒಮ್ಮೆ ನೋಡಿದಳು. ಆಮೇಲೆ ಅಪ್ಪನತ್ತ ತಿರುಗಿ, ಅವನು ಮಾಡಿದಂತೆಯೇ ಕತ್ತು ಕೊಂಕಿಸಿ, ತೋಳು ಬೀಸಿ ಕುಣಿಯತೊಡಗಿದಳು. ಕೊನೆಯ ಸಾಲುಗಳು ಬರಲೇ ಇಲ್ಲ.

ಸಂಜೆ ಲೆಸಿಯೆಲಿ ಔತಣದ ಎಲೆಗಳನ್ನು ಬಳಿಯುತ್ತಿದ್ದಾಗ ಕಲೊಲೈನೆ ಕಣ್ಣೊರೆಸಿಕೊಳ್ಳುತ್ತಾ ಬಂದಳು. "ಎಂಥ ಕೈ ಲೆಸಿಯೆಲಿ! ಇಂಥ ಹುಡುಗಿನ ಶಾಲೆ ಅಂತ ಕೂಡಿಹಾಕಿದ್ಯಲ್ಲ. ಪಾಠ ಮಾತ್ರ ಅರ್ಧಕ್ಕೇ ನಿಂತಿತು. ನೀನೇ ಹೇಳು, ನಿಲ್ಲಲಿಲ್ವಾ?"

ಲೆಸಿಯೆಲಿ ಸುಳ್ಳು ಹೇಳಬಹುದಿತ್ತು. ಸಭೆಯಲ್ಲಿ ಕೈಮಾತು ಬಲ್ಲವರು ಇನ್ನಾರಿದ್ದರು?

"ನಿಂತಿತು ಅತ್ತಿಗೆ," ಎಂದಳು.

"ನೀನೂ ಬಾ ಜೊತೆಗೆ. ನಾನೇನು ಬೇಡ ಅಂದ್ನಾ? ತಾಯಿ ಮಗಳು ಇಬ್ಬರೂ ಇರಿ."

ಆ ರಾತ್ರಿಯಿಡೀ ಲೆಸಿಯೆಲಿ ಮಗಳ ಬಟ್ಟೆಯ ಪಕ್ಕದಲ್ಲಿ ತನ್ನ ಬಟ್ಟೆ ಮಡಿಸಿದಳು, ಮತ್ತೆ ತೆಗೆದಳು. ಬೆಳಿಗ್ಗೆ ಹೆಡ್ ಮಾಸ್ಟರನ್ನು ಕೇಳಿದಳು. ಒಳ್ಳೆಯ ಮನುಷ್ಯ. ಕಣ್ಣು ತಗ್ಗಿಸಿ ಹೇಳಿದರು: "ನೀವು ಹೋದರೆ ಆ ಕೋಣೆಗೆ ಬರೋರು ಯಾರಿದ್ದಾರಮ್ಮ? ಬೀಗ ಹಾಕ್ತೀವಿ, ಇನ್ನೇನು."

ಮೇಜಿನ ಕೆಳಗಿನಿಂದ ಟಾನಿಯೇಲಾ ಕೈಚಾಚಿ ಅವಳ ಪಾದ ಹಿಡಿದುಕೊಂಡಿದ್ದ. ಲಾಟಾಳ ಕಣ್ಣು ಅವಳನ್ನೇ ಹುಡುಕುತ್ತಿತ್ತು. ಆ ಮಿಟುಕು 'ಹೌದು' ಎಂದು ಇನ್ನು ಯಾರಿಗೆ ತಿಳಿದೀತು? ತನ್ನ ಮಗಳಿಗೆ ಅಕ್ಕರೆಯ ಅತ್ತೆಯಾದರೂ ಇದ್ದಾಳೆ, ಕೂಳಿದೆ, ಕೈಕಾಲು ಗಟ್ಟಿಯಿವೆ... ಹೀಗೆ ಲೆಕ್ಕ ಹಾಕಿದ ತನ್ನ ಮನಸ್ಸನ್ನು ತಾನೇ ಶಪಿಸುತ್ತಾ, ಲೆಸಿಯೆಲಿ ಗಂಟಿನಿಂದ ತನ್ನ ಬಟ್ಟೆ ತೆಗೆದಿಟ್ಟಳು.

ಹಡಗುಕಟ್ಟೆಯಲ್ಲಿ ಚಾಪೆ, ಗೆಣಸಿನ ಬುಟ್ಟಿ, ಹಂದಿಗಳ ಕಿರಿಚಾಟ. 'ಯಾವಾಗ ಬರ್ತೀಯ?' ಎಂದು ಪಿಸಿಲಾ ಕೈಯಲ್ಲಿ ಕೇಳಿದಳು. ದಿನ ದಿನ ಕೈಮಾತು ಕಲಿಸುವ ಟೀಚರಿಗೆ ಉತ್ತರ ಕೊಡುವ ಒಂದು ಬೆರಳೂ ಏಳಲಿಲ್ಲ. ಮಗಳನ್ನು ಎದೆಗೆ ಒತ್ತಿಕೊಂಡಳು, ಅಷ್ಟೆ.

ಹಡಗು ಕಟ್ಟೆ ಬಿಟ್ಟಿತು. ಮೇಲಿನ ಅಂಚಿಗೆ ಬಂದು ನಿಂತ ಹುಡುಗಿ ಕೈಯೆತ್ತಿದಳು. ನಿಂತುಹೋದ ಕಣಿವೆಯ ಸಾಲಿನಿಂದಲೇ ಶುರು ಮಾಡಿದಳು. ಒಂದೂ ತಪ್ಪಲಿಲ್ಲ...

"ನೋಡ್ರೇ, ಸಿತಿವೇನಿ ಮಗಳು ಹೋಗ್ತಾನೂ ಕುಣೀತಾಳೆ!" ಕಟ್ಟೆಯ ಹೆಂಗಸರು ಚಪ್ಪಾಳೆ ತಟ್ಟಿದರು.

ಸಿತಿವೇನಿಯ ಕೈಯೂ ಚಪ್ಪಾಳೆಗೆಂದು ಎದ್ದಿತ್ತು. ಹೆಂಡತಿಯ ಮುಖ ನೋಡಿ ಇಳಿಯಿತು.

"ಲೆಸಿಯೆಲಿ... ಅವಳು ಏನು ಹೇಳ್ತಿದ್ದಾಳೆ?"

ಇಷ್ಟು ವರ್ಷಗಳಲ್ಲಿ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಪಾಠ ಒಪ್ಪಿಸ್ತಿದ್ದಾಳೆ ರೀ. ಅವತ್ತು ಉಳಿದದ್ದು."

"ಅಂದ್ರೆ ನಾನೇ... ಅಯ್ಯೋ, ಅವತ್ತು ನಾನೇ..."

ದೂರದಲ್ಲಿ ಎರಡು ಪುಟ್ಟ ಅಂಗೈ ಮೇಲೆದ್ದು ಬೆರಳ ತುದಿ ಕೂಡಿದವು. ಕೂಡಿ, ಬಿಡಲೇ ಇಲ್ಲ.

"ಅದೇನು? ಹೇಳೇ, ಅದೇನು?"

"ಮನೆ."

ಸಿತಿವೇನಿ ಕೆಸುವಿನ ಗದ್ದೆಯ ಮಣ್ಣು ಮೆತ್ತಿದ ತನ್ನ ದೊಡ್ಡ ಕೈಗಳನ್ನು ಎತ್ತಿದ. ಬೆರಳು ಹೇಗೆ ಕೂಡಿಸಬೇಕೆಂದು ತಿಳಿಯದೆ ತಡವರಿಸಿದ. ಲೆಸಿಯೆಲಿ ಅವನ ಬೆರಳುಗಳನ್ನು ಹಿಡಿದು, ಟಾನಿಯೇಲಾನ ಬೆರಳು ಹಿಡಿಯುವ ಹಾಗೆಯೇ ಮೆಲ್ಲಗೆ, ತುದಿಗೆ ತುದಿ ಸೇರಿಸಿದಳು. ಅಷ್ಟರಲ್ಲಿ ಹಡಗು ಕಡಲೊಳಗಿನ ಬಂಡೆಸಾಲಿನ ಬಾಗಿಲು ದಾಟಿ ಉತ್ತರಕ್ಕೆ ತಿರುಗಿತ್ತು. ಹುಡುಗಿ ನಿಂತಿದ್ದ ಮಗ್ಗುಲು ಆಚೆಗಾಗಿತ್ತು.

ಅವನು ಕೈ ಇಳಿಸಲಿಲ್ಲ. ಜನ ಚದುರಿದರು, ಹಡಗಿನ ಹೊಗೆಯೂ ಕರಗಿತು. ಶಾಲೆಗೆ ಹೊತ್ತಾಯಿತೆಂದು ಲೆಸಿಯೆಲಿ ಹೊರಟಾಗಲೂ ಅವನು ಹಾಗೇ ನಿಂತಿದ್ದ, ಖಾಲಿ ಕಡಲಿಗೆ ಮನೆ ತೋರಿಸುತ್ತಾ.