ನಾಲ್ಕನೆಯ ಗುರುತು

"ಯಾರ್ರೀ ಇಲ್ಲಿ ನನ್ನ ಗೆರೆ ಅಳಿಸಿದ್ದು?"

ಒಳಂಗಳದ ಬಾಗಿಲಲ್ಲಿ ನಿಂತು ಅವಳು ಕೂಗಿದ ಕೂಗಿಗೆ ಗೋಡೆಯ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ನಿನ್ನೆ ಸಂಜೆ ಸೊಂಟ ಬಿದ್ದುಹೋಗುವಂತೆ ಬಗ್ಗಿ ಬಗ್ಗಿ, ಸುಣ್ಣದ ಪುಡಿಯಲ್ಲಿ ಅವಳೇ ಎಳೆದ ಗೆರೆಗಳು. ನಡುವೆ ಎಂಟು ಮೂಲೆಯ ಕೊಳ. ಕೊಳದಿಂದ ನಾಲ್ಕು ದಿಕ್ಕಿಗೂ ಗೇಣಗಲದ ಕಾಲುವೆ. ಕಾಲುವೆಗಳ ನಡುವೆ ಗಿಡ ನೆಡಲು ನಾಲ್ಕು ಮಡಿ. ಈಗ ನೋಡಿದರೆ ಅರ್ಧಕ್ಕರ್ಧ ಮಾಯ!

ಅಂಗಳದ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದವನು ನಿಧಾನವಾಗಿ ಎದ್ದು ನಿಂತ. ಎತ್ತರದ ಆಳು, ಕೊಳ ಕಟ್ಟಲು ಬಂದ ಮೇಸ್ತ್ರಿ. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ದಾರದ ಉಂಡೆ, ಮೊಣಕೈವರೆಗೂ ಸುಣ್ಣ.

"ನಾನೇ," ಅಂದ.

"ನಾನೇ ಅಂದ್ರೆ? ಒಂದು ಮಾತು ಕೇಳೋ ಅಭ್ಯಾಸ ಇಲ್ವಾ? ನಕ್ಷೆ ನೋಡಿದ್ದೀರಾ ನೀವು?"

"ನೋಡಿದೀನಿ ಮೇಡಂ. ತುಂಬಾ ಚೆನ್ನಾಗಿದೆ. ಆದ್ರೆ ಈ ನೆಲ ನಿಮ್ಮ ನಕ್ಷೆ ಓದಿಲ್ಲ."

ಎಷ್ಟು ಕೊಬ್ಬು! ಅವಳ ಕಿವಿ ಬಿಸಿಯಾಯಿತು.

ಅವನು ದಾರದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. "ಆ ಮೂಲೇಲಿ ನಿಂತ್ಕೊಳ್ಳಿ." ಇನ್ನೊಂದು ತುದಿ ಹಿಡಿದು ತಾನು ಎದುರು ಮೂಲೆಗೆ ಹೋಗಿ ಅಳತೆಗೆ ದಾರಕ್ಕೊಂದು ಗಂಟು ಹಾಕಿದ. ಆಮೇಲೆ ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿಸಿದ. ಒಂದು ಗೇಣು ದಾರ ಮಿಕ್ಕಿತು.

"ಕಣ್ಣಿಗೆ ಚೌಕ, ದಾರಕ್ಕೆ ಸೊಟ್ಟ. ಹಳೇ ಮನೆ ಅಲ್ವಾ? ನಿಮ್ಮ ಗೆರೆ ಮೇಲೆ ಕಟ್ಟಿದ್ರೆ ಒಂದು ಕಾಲುವೆ ಹೋಗಿ ಅಡುಗೆಮನೆ ಬಾಗಿಲಿಗೆ ಮೂಗು ತಾಗಿಸೋದು."

ಅವನು ಹೇಳಿದ್ದು ಸರಿ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಆದರೆ ಒಪ್ಪಿಕೊಳ್ಳಲು ಮನಸ್ಸು ಬರಬೇಕಲ್ಲ!

"ಮೊದಲೇ ಹೇಳಬಹುದಿತ್ತು."

"ನೀವು ಮೊದಲೇ ಬೈದ್ರಿ."

ಜಗಲಿಯ ಬೆತ್ತದ ಕುರ್ಚಿಯಿಂದ ಒಂದು ಬೊಚ್ಚು ಬಾಯಿಯ ನಗು ಕೇಳಿಸಿತು. ಮನೆಯೊಡತಿ ಟೀಚರಮ್ಮ. "ನಮ್ಮ ಯಜಮಾನರೂ ನಾನೂ ಮೊದಲನೇ ದಿನ ಹೀಗೇ ಕಚ್ಚಾಡಿದ್ವಿ. ಆಮೇಲೆ ನಲವತ್ತೊಂದು ವರ್ಷ ಒಂದೇ ಲೋಟದಲ್ಲಿ ಚಹಾ ಕುಡಿದ್ವಿ!"

ಇಬ್ಬರೂ ಒಟ್ಟಿಗೇ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು.

ಟೀಚರಮ್ಮನೂ ಅವರ ಯಜಮಾನರೂ ಉತ್ತರ ಆಫ್ರಿಕಾದ ಮರಳುಗಾಡಿನ ಅಂಚಿನ ಒಂದು ಊರಲ್ಲಿ ಹನ್ನೊಂದು ವರ್ಷ ಪಾಠ ಹೇಳಿದವರು. ಅಲ್ಲಿ ಅವರಿದ್ದ ಮನೆ ಬೀದಿಯಿಂದ ನೋಡಿದರೆ ಬರೀ ಮಣ್ಣಿನ ಗೋಡೆ, ಗಿಡ್ಡನೆಯ ಒಂದು ಬಾಗಿಲು. ತೆರೆದು ಒಳಗೆ ಕಾಲಿಟ್ಟರೆ ನೆರಳು, ನೀರಿನ ಸದ್ದು, ಕಿತ್ತಳೆ ಹೂವಿನ ವಾಸನೆ. ಯಜಮಾನರು ತೀರಿಕೊಂಡ ಮೇಲೆ ಟೀಚರಮ್ಮನಿಗೆ ಆ ಅಂಗಳದ ಹಂಬಲ ಹತ್ತಿತ್ತು.

"ಸ್ವರ್ಗದಲ್ಲಿ ನಾಲ್ಕು ನದಿ ಇದಾವೆ ಅಂತ ಅಲ್ಲಿಯವರ ನಂಬಿಕೆ," ಎಂದರು ಅವರು. "ಅದಕ್ಕೇ ಅಂಗಳದಲ್ಲೂ ನಾಲ್ಕು ಕಾಲುವೆ. ನನ್ನದು ಒಂದೇ ಷರತ್ತು ನೋಡಿ. ನಾಲ್ಕಕ್ಕೂ ನೀರು ಒಂದೇ ಸಮ ಹೋಗಬೇಕು. ಪಂಕ್ತಿಭೇದ ಕೂಡದು!"

ಅವಳು ತಲೆಯಾಡಿಸಿದಳು. ಆರು ವರ್ಷ ಬೇರೆಯವರ ಕಚೇರಿಯಲ್ಲಿ, ಬೇರೆಯವರ ಹೆಸರಿನಲ್ಲಿ ತೋಟಗಳ ನಕ್ಷೆ ಬರೆದವಳು ಅವಳು. ಇದು ಅವಳದೇ ಹೆಸರಿನ ಮೊದಲ ತೋಟ. ಇದು ಕೆಟ್ಟರೆ ಮತ್ತೆ ಅದೇ ಕಚೇರಿ, ಅದೇ ಮೂಲೆ ಮೇಜು.

*

ಮೇಸ್ತ್ರಿಯ ಕೆಲಸ ನೋಡುತ್ತ ನೋಡುತ್ತ ಅವಳ ಸಿಟ್ಟು ಎಲ್ಲಿ ಕರಗಿತೋ, ಅವಳಿಗೇ ತಿಳಿಯಲಿಲ್ಲ.

ಹಸಿರು, ಬಿಳಿ, ನೀಲಿ ಬಣ್ಣದ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಅವನು ಪುಟ್ಟ ಸುತ್ತಿಗೆಯಲ್ಲಿ ತಟ್ಟಿ ಕತ್ತರಿಸುತ್ತಿದ್ದ. ಅವಳು ಕಾಗದದ ಮೇಲೆ ಬಿಡಿಸಿಕೊಟ್ಟ ನಕ್ಷತ್ರಗಳು ಒಂದೊಂದಾಗಿ ಕೊಳದ ತಳದಲ್ಲಿ ಮೂಡಿದವು. ಒಂದು ಚೂರು ಸರಿಬಾರದಿದ್ದರೆ ಅವನು ಬೈಯುವುದು ಬಿಲ್ಲೆಯನ್ನಲ್ಲ, ತನ್ನನ್ನೇ. "ಎಲ್ಲಿಟ್ಟಿದ್ದೆಯೋ ಗಮನ?" ಎಂದು ಗೊಣಗಿ ಮತ್ತೊಂದು ಬಿಲ್ಲೆ ಎತ್ತಿಕೊಳ್ಳುವನು.

"ಮಡಿ ಮೊಣಕಾಲುದ್ದ ತಗ್ಗಿರ್ಲಿ," ಎಂದಳು ಒಂದು ದಿನ.

"ತಗ್ಗು ಯಾಕೆ? ಗಿಡ ಕಾಣಿಸೋದೇ ಇಲ್ವಲ್ಲ."

"ಗಿಡ ಬೆಳೆದಾಗ ಹೂವು ನಾವು ನಡೆಯೋ ದಾರಿ ಮಟ್ಟಕ್ಕೆ ಬರುತ್ತೆ. ಟೀಚರಮ್ಮ ಹೂವಿನ ಜಮಖಾನೆ ಮೇಲೆ ನಡೆದ ಹಾಗಿರುತ್ತೆ. ದಾಳಿಂಬೆ ಹಣ್ಣು ಕುರ್ಚಿಯಿಂದಲೇ ಕೈಗೆ ಸಿಗುತ್ತೆ."

"ಇದನ್ನ ಯೋಚನೆ ಮಾಡಿದವರು ಪುಣ್ಯಾತ್ಮರು," ಎಂದವನು ಅಂದೇ ಸಂಜೆ ಇನ್ನೊಂದು ಗೇಣು ಅಗೆದ.

ಜಗಳಗಳೂ ಇದ್ದವು, ಇಲ್ಲವೆನ್ನುವಂತಿಲ್ಲ. ಕುಂಡದ ಸಸಿಗಳಿಗೆ ನೀರು ಬಿಡುವಾಗ ಅವಳು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುವಳು. ನೀರು ಚಿಮ್ಮಿ ಹೋಗಿ ಬೀಳುವುದು ಮೇಸ್ತ್ರಿಯ ಬೆನ್ನಿಗೆ!

"ಆ ಹೆಬ್ಬೆರಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ."

"ನಾನು ಎಲ್ಲಿ ಹೇಳ್ತೀನಿ? ಪೈಪ್ ಕಂಡ್ರೆ ತಾನೇ ಹೋಗಿ ಕೂರುತ್ತೆ. ಗಿಡದವರ ಬೆರಳು!"

ಇಬ್ಬರೂ ನಕ್ಕರು. ಆ ನಗುವಿಗೆ ಇಬ್ಬರೂ ಬೆಲೆ ತೆರಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಕೊಳದ ಅಂಚಿಗೆ ಮಟ್ಟ ನೋಡುವ ದಿನ ಬಂತು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಳಗಿನ ನೀರು ಕಾಣುವಂಥ ಒಂದು ಉದ್ದನೆಯ ಪೈಪು ಸಾಕು. ಒಂದು ತುದಿ ಒಬ್ಬರ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬರ ಕೈಯಲ್ಲಿ. ನೀರು ಅತ್ತಿತ್ತ ಆಡಿ ನಿಂತಾಗ ಎರಡೂ ತುದಿಯಲ್ಲಿ ಒಂದೇ ಮಟ್ಟ. ಆಗ ಗುರುತು ಹಾಕಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಅದು.

ಮೊದಲ ಗುರುತು ಹಾಕಿಕೊಂಡು ಉತ್ತರದ ಅಂಚಿನಲ್ಲಿ ಅವಳು ನಿಂತಳು. ಅವನು ಒಂದೊಂದೇ ದಿಕ್ಕಿಗೆ ಹೋದ.

"ನಿಂತಿತಾ?"

"ನಿಂತಿತು."

ಪೆನ್ಸಿಲಿನ ಗುರುತು ಬಿತ್ತು. ಎರಡನೆಯದು ಆಯಿತು, ಮೂರನೆಯದೂ ಆಯಿತು. ನಾಲ್ಕನೆಯದು ಪೂರ್ವದ ಅಂಚು. ಬೆಳಗಿನ ಬಿಸಿಲು ಅವನ ಕೆನ್ನೆಯ ಮೇಲೆ ಬಿದ್ದಿತ್ತು.

"ನಿಮ್ಮ ಮನೇಲಿ ಯಾರ್ಯಾರಿದಾರೆ?" ಬಾಯಿ ತಪ್ಪಿ ಕೇಳಿಬಿಟ್ಟಳು.

"ಅಮ್ಮ ಇದಾರೆ. ಜೊತೆಗೆ ಇನ್ನೂ ಮದುವೆ ಆಗಿಲ್ಲ ಅನ್ನೋ ಅಮ್ಮನ ಬೈಗುಳ ಇದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ತಲೆಯೆತ್ತಿ ನೋಡಿದ. ನೋಡುತ್ತಲೇ ಇದ್ದ...

"ನಿಂತಿತಾ?"

"ನಿಂತಿತು," ಎಂದಳು. ನೀರನ್ನು ಅವಳು ನೋಡಿರಲೇ ಇಲ್ಲ.

*

ನೀರು ಬಿಡುವ ದಿನ ಟೀಚರಮ್ಮನ ಇಬ್ಬರು ತಂಗಿಯರು ಬಂದರು, ಅಕ್ಕಪಕ್ಕದವರು ಬಂದರು. ಪುದೀನ ಹಾಕಿದ ಚಹಾ ಎಲ್ಲರ ಕೈಗೂ ಬಂತು. ಅವಳೇ ಪೈಪು ಹಿಡಿದು ಕೊಳ ತುಂಬಿಸಿದಳು.

ನೀಲಿ ನಕ್ಷತ್ರಗಳು ಮುಳುಗಿದವು. ನೀರು ಅಂಚಿಗೆ ಬಂತು. ಎಲ್ಲರೂ ಉಸಿರು ಬಿಗಿಹಿಡಿದರು.

ನೀರು ಪೂರ್ವದ ಕಾಲುವೆಗೆ ಇಳಿಯಿತು. ಇಳಿಯುತ್ತಲೇ ಹೋಯಿತು. ಉಳಿದ ಮೂರು ಒಣಗಿಯೇ ಇದ್ದವು!

"ಒಂದೇ ಕಡೆ ಹೋಗುತ್ತಲ್ಲೇ?" ಎಂದರು ತಂಗಿಯರಲ್ಲೊಬ್ಬರು.

ಟೀಚರಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಕೈಯಲ್ಲಿ ಪೈಪು, ಕಣ್ಣಲ್ಲಿ ನೀರು. "ಇಷ್ಟೇನಾ ನಿಮ್ಮ ಕೈಗುಣ? ಕಣ್ಣು ಮುಚ್ಚಿ ನಂಬಿದ್ದೆ ನಿಮ್ಮನ್ನ! ನನ್ನ ಹೆಸರಿನ ಮೊದಲ ತೋಟ ಇದು, ಗೊತ್ತಲ್ವಾ ನಿಮಗೆ?"

ಅವನ ನೋಟ ಒಂದು ಕ್ಷಣ ಅವಳ ಕೈಯ ಮೇಲೆ ನಿಂತಿತು.

"ತಪ್ಪು ನಂದೇ," ಎಂದ ಎಲ್ಲರಿಗೂ ಕೇಳುವಂತೆ. "ಅಂಚು ಬಿಚ್ಚಿ ಸರಿ ಮಾಡಿಕೊಟ್ಟೇ ಹೋಗ್ತೀನಿ."

ಎರಡು ದಿನದ ಮೇಲೆ ಟೀಚರಮ್ಮ ಫೋನು ಮಾಡಿದರು. "ಮೇಸ್ತ್ರಿ ಬೇರೆ ಊರಿನ ಕೆಲಸ ಒಪ್ಕೊಂಡಿದಾನಂತೆ ಕಣಮ್ಮ. ಆರು ತಿಂಗಳದ್ದು. ಭಾನುವಾರ ಹೊರಡ್ತಾನೆ."

'ಹೋಗಲಿ ಬಿಡು, ನನಗೇನು?' ಎಂದುಕೊಂಡಳು. ಆದರೆ ಊಟದ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದಳು.

*

ಅವಳ ಅಕ್ಕ ಬಟ್ಟೆ ಹೊಲಿಯುವವಳು. ತಂಗಿಯ ಊದಿದ ಮುಖ ನೋಡಿ ನೋಡಿ ಸಾಕಾಗಿತ್ತು ಅವಳಿಗೆ.

"ಕೈಕಟ್ಟಿ ಕೂರ್ಬೇಡ. ಕಿಟಕಿಗೆ ಪರದೆ ಕೋಲು ಹಾಕ್ಬೇಕು, ಬಾ. ನಿನ್ನ ಮೇಸ್ತ್ರಿ ಹೇಳಿಕೊಟ್ಟ ಆ ಪೈಪಿನ ವಿದ್ಯೆ ತೋರಿಸು."

"ನನ್ನ ಮೇಸ್ತ್ರಿ ಅಲ್ಲ."

"ಸರಿಯಮ್ಮ, ಊರ ಮೇಸ್ತ್ರಿ. ಹಿಡಿ ಈಗ!"

ಕಿಟಕಿಯ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಮಣೆಯ ಮೇಲೆ ಅಕ್ಕ. ಮೊದಲ ಗುರುತು ಹಾಕಿ ಅಕ್ಕನ ಕಡೆ ನೋಡಿದಳು.

"ನನ್ನ ಕಡೆ ನೀರು ಅಲ್ಲಾಡ್ತಾನೇ ಇಲ್ವೇ!" ಎಂದಳು ಅಕ್ಕ. "ಮೇಲೆತ್ತಿದ್ರೂ ಇಲ್ಲ, ಇಳಿಸಿದ್ರೂ ಇಲ್ಲ. ಅಯ್ಯೋ ಮಂಕೇ, ಬಾಯಿ ಮುಚ್ಚಿಟ್ಟಿದ್ದೀಯಲ್ಲೇ! ಹೆಬ್ಬೆರಳು ತೆಗಿ!"

ಅವಳು ಬಗ್ಗಿ ನೋಡಿದಳು. ಹೆಬ್ಬೆರಳು ಪೈಪಿನ ಬಾಯಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಯಾವಾಗ ಹೋಗಿ ಕೂತಿತೋ, ಅವಳಿಗೇ ಗೊತ್ತಿಲ್ಲ!

ತೆಗೆದಳು. ಅಕ್ಕನ ಕಡೆಯ ನೀರು ಸರಕ್ಕನೆ ಬೆರಳಗಲ ಏರಿತು.

ಬೆರಳಗಲ... ಪೂರ್ವದ ಅಂಚು ತಗ್ಗಾಗಿದ್ದೂ ಅಷ್ಟೇ.

'ಅಯ್ಯೋ ದೇವರೇ... ನಾನೇ! ಅಷ್ಟು ಜನರ ಮುಂದೆ ಅವರ ಮಾನ ಕಳೆದೆನಲ್ಲ! ನೀರು ನೋಡಬೇಕಾದವಳು ನಾನು ನೋಡಿದ್ದಾದರೂ ಏನನ್ನ?'

ಏನನ್ನು ನೋಡಿದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪೈಪನ್ನು ಎದೆಗವಚಿಕೊಂಡು ಅಲ್ಲೇ ಕುಸಿದು ಕೂತಳು.

"ಪರದೆ?" ಎಂದಳು ಅಕ್ಕ. ಆಮೇಲೆ ತಂಗಿಯ ಮುಖ ನೋಡಿ ಮಣೆಯಿಂದಿಳಿದು ಬಂದು ತಲೆ ಸವರಿದಳು. "ಪರದೆ ಹಾಳಾಗಿ ಹೋಗ್ಲಿ. ನಾಳೆ ಶನಿವಾರ. ಬೆಳಿಗ್ಗೆ ಎದ್ದು ಹೋಗಿ ಹೇಳಿ ಬಾ."

*

ಅವನು ಕೊಳದ ಪಕ್ಕ ಕೂತು ಗಾರೆ ಕಲಸುತ್ತಿದ್ದ. ಪೂರ್ವದ ಅಂಚು ಬಿಚ್ಚಿಟ್ಟಿತ್ತು. ಬಿಚ್ಚಿದ ಬಿಲ್ಲೆಗಳನ್ನು ಒಂದೂ ಒಡೆಯದಂತೆ ಸಾಲಾಗಿ ಜೋಡಿಸಿದ್ದ. ಟೀಚರಮ್ಮನೂ ತಂಗಿಯರೂ ಜಗಲಿಯಲ್ಲಿದ್ದರು.

ಅವಳು ನೇರ ಜಗಲಿಗೆ ಹೋದಳು.

"ಟೀಚರಮ್ಮ, ಮೇಸ್ತ್ರಿ ತಪ್ಪು ಮಾಡಿಲ್ಲ. ತಪ್ಪು ನಂದು. ಮಟ್ಟ ನೋಡುವಾಗ ಪೈಪಿನ ಬಾಯಿ ಮುಚ್ಚಿದ್ದೆ. ಅವತ್ತು ನಿಮ್ಮೆಲ್ಲರ ಮುಂದೆ ಅವರನ್ನ ಬೈದೆ, ಅದಕ್ಕೆ ಇವತ್ತು ನಿಮ್ಮೆಲ್ಲರ ಮುಂದೆಯೇ ಹೇಳ್ತಿದ್ದೀನಿ." "ಈ ತೋಟಕ್ಕೆ ನನ್ನ ಹೆಸರು ಬೇಡ ಅಂದ್ರೂ ಸರಿಯೇ."

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಐವತ್ತು ಮಕ್ಕಳ ಕ್ಲಾಸಲ್ಲಿ ತಾನಾಗಿ ಎದ್ದು ನಿಂತು ತಪ್ಪು ಒಪ್ಕೊಂಡೋರು ವರ್ಷಕ್ಕೊಬ್ಬರು ಸಿಗ್ತಿರಲಿಲ್ಲ. ಹೆಸರು ನಿಂದೇ ಇರುತ್ತೆ ಕಣೇ. ಹೋಗು, ಇದನ್ನ ಕೇಳ್ಬೇಕಾದೋರು ಅಲ್ಲಿದಾರೆ."

ಅವಳು ಕೊಳದ ಹತ್ತಿರ ಬಂದಳು. ಅವನು ಗಾರೆಯ ಕರಣೆ ಕೆಳಗಿಟ್ಟ.

"ನಿಮಗೆ ಗೊತ್ತಿತ್ತಲ್ವಾ?"

"ಬೈಸಿಕೊಳ್ಳೋವಾಗ ಗೊತ್ತಾಯ್ತು. ನಿಮ್ಮ ಕೈಯಲ್ಲಿ ಪೈಪಿತ್ತು. ಹೆಬ್ಬೆರಳು ಅದರ ಬಾಯಿ ಮೇಲಿತ್ತು."

"ಹೇಳಬಹುದಿತ್ತಲ್ರೀ!"

"ಮೇಸ್ತ್ರಿ ತಪ್ಪು ಮಾಡಿದ ಅಂದ್ರೆ ನಾಳೆಗೆ ಮರೀತಾರೆ. ನಿಮ್ಮದು ಮೊದಲನೇ ತೋಟ, ಅದನ್ನ ಮರೆಯಲ್ಲ." ತಲೆ ತಗ್ಗಿಸಿ ಗಾರೆ ಕೆದಕಿದ. "ಅಲ್ಲದೆ ಅರ್ಧ ತಪ್ಪು ನಂದೂ ಇದೆ. ಗುರುತು ಹಾಕೋ ಮುಂಚೆ ಎರಡೆರಡು ಸಲ ಮಟ್ಟ ನೋಡೋನು ನಾನು. ಅವತ್ತು ಒಂದೇ ಸಲ ನೋಡಿದೆ. ನಿಮ್ಮನ್ನ ಮಾತ್ರ..."

"ನನ್ನನ್ನ?"

"...ಎಷ್ಟು ಸಲ ನೋಡಿದೆ ಅಂತ ಲೆಕ್ಕ ಇಟ್ಟಿಲ್ಲ."

ಅವಳ ಕಣ್ಣು ತುಂಬಿತು. ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಹೆಣ್ಣು ಎಷ್ಟು ಚೆಂದ ಕಾಣುತ್ತಾಳೆ ಎಂದು ಅವನು ಅಂದು ತಿಳಿದುಕೊಂಡ.

"ನಾನೂ ನೀರು ನೋಡ್ಲಿಲ್ಲ," ಎಂದಳು ಪಿಸುದನಿಯಲ್ಲಿ. "ನಿಮ್ಮನ್ನೇ ನೋಡ್ತಿದ್ದೆ. ನೀವಂದ್ರೆ ನನಗೆ ಇಷ್ಟ. ಹೋಗೋ ಮುಂಚೆ ಇದನ್ನೂ ಕೇಳಿಸ್ಕೊಂಡು ಹೋಗಿ."

ಅವನು ಪೈಪಿನ ಒಂದು ತುದಿಯನ್ನು ಅವಳತ್ತ ಚಾಚಿದ. "ಎರಡು ದಿನದಿಂದ ಕಾಯ್ತಿದೀನಿ. ಟೀಚರಮ್ಮನ ಕೈ ನಡುಗುತ್ತೆ. ಈ ತುದಿ ಹಿಡಿಯೋಕೆ ಬೇರೆ ಯಾರನ್ನೂ ಕರೆಯೋಕೆ ಮನಸ್ಸಾಗ್ಲಿಲ್ಲ."

ಈ ಸಲ ಅವಳು ನೀರನ್ನೇ ನೋಡಿದಳು. ಅವನೂ ಎರಡೆರಡು ಸಲ ನೋಡಿ ಗುರುತು ಹಾಕಿದ.

ಗಾರೆ ಗಟ್ಟಿಯಾಗಲು ಕಾದು, ಭಾನುವಾರ ಬೆಳಿಗ್ಗೆ ನೀರು ಬಿಟ್ಟರು. ನೀರು ಅಂಚಿಗೆ ಬಂದು ಒಂದು ಗಳಿಗೆ ಉಬ್ಬಿ ನಿಂತಿತು. ಆಮೇಲೆ ನಾಲ್ಕು ಕಾಲುವೆಗೂ ಒಟ್ಟಿಗೇ ಇಳಿಯಿತು. ಕಿತ್ತಳೆ ಸಸಿಯ ಬುಡಕ್ಕೆ, ದಾಳಿಂಬೆಯ ಬುಡಕ್ಕೆ, ಮಲ್ಲಿಗೆಗೆ, ಪುದೀನಕ್ಕೆ.

ಟೀಚರಮ್ಮ ಚಪ್ಪಲಿ ಬಿಟ್ಟು ಕಾಲುವೆಯಲ್ಲಿ ಪಾದ ಇಳಿಸಿದರು. "ಇದೇ ಸದ್ದು," ಎಂದು ಕಣ್ಣು ಮುಚ್ಚಿದರು. "ನೋಡ್ರೀ, ನಮ್ಮ ಅಂಗಳ..." ಅಂದಿದ್ದು ಇಲ್ಲಿದ್ದವರಿಗಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಬೀದಿ ಬಾಗಿಲವರೆಗೆ ಅವಳು ಅವನ ಜೊತೆ ಬಂದಳು. ಅವನ ಹೆಗಲಲ್ಲಿ ಸಾಮಾನಿನ ಚೀಲವಿತ್ತು.

"ಆ ಊರಿನ ಕೆಲಸ... ಏನು ಕಟ್ಟೋದು?"

"ಅಲ್ಲೂ ಒಂದು ಅಂಗಳವೇ. ತೋಟ ಹಾಕೋರು ಇನ್ನೂ ಸಿಕ್ಕಿಲ್ಲವಂತೆ." ಅವನು ನಿಂತ. "ಒಬ್ಬರಿದಾರೆ, ಕೇಳಿ ನೋಡ್ತೀನಿ ಅಂದಿದೀನಿ. ಅಮ್ಮನಿಗೂ ಹೇಳಿದೀನಿ."

"ಅಮ್ಮನಿಗೆ ಏನಂತ?"

"ಇನ್ಮೇಲೆ ಬೈಯೋಕೆ ಬೇರೆ ಕಾರಣ ಹುಡುಕ್ಕೋಬೇಕಾಗುತ್ತೆ ಅಂತ."

ಅವಳು ನಾಚಿ ಬಾಗಿಲ ಚಿಲಕ ಸವರಿದಳು. "ನನ್ನ ಹೆಬ್ಬೆರಳು ಸುಮ್ಮನಿರಲ್ಲ. ಮತ್ತೆ ಹೋಗಿ ಪೈಪ್ ಮುಚ್ಚುತ್ತೆ."

"ಆ ಕೈನ ನಾನು ಹಿಡ್ಕೊಂಡಿರ್ತೀನಿ."

"ಆ ತುದೀಲಿ ನಿಂತು ಈ ತುದಿಯ ಕೈ ಹೇಗ್ರೀ ಹಿಡ್ಕೊಳ್ತೀರಾ?"

ಅವನು ಚೀಲ ಕೆಳಗಿಟ್ಟು, ಅವಳ ಹೆಬ್ಬೆರಳನ್ನು ತನ್ನ ಒರಟು ಅಂಗೈಯೊಳಗೆ ಮೆಲ್ಲಗೆ ಮುಚ್ಚಿಕೊಂಡ.

"ಪೈಪ್ ಕತ್ತರಿಸಿ ಗಿಡ್ಡ ಮಾಡ್ತೀನಿ."