ಕೊನೆಯ ಪಂದ್ಯದ ಚೆಂಡು

ಕೊಟ್ರಯ್ಯನವರು ಬಿಡಿಸಿದ ಒಗಟುಗಳನ್ನೆಲ್ಲ ನಾನೇ ಊರಿಗೆ ಹೇಳಿದವನು. ಇದೊಂದನ್ನು ಮಾತ್ರ ಇಷ್ಟು ವರ್ಷ ನುಂಗಿಕೊಂಡಿದ್ದೆ. ಕಾರಣ ನಾಚಿಕೆ.

೧೯೩೮ರ ಯುಗಾದಿ ಕಳೆದ ವಾರ, ಹೊಸಪೇಟೆಯ ಅವರ ಮನೆಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಕೊಟ್ರಯ್ಯನವರು ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಊರಿನ ತಂಟೆಗಳು ಅವರನ್ನು ಬಿಟ್ಟಿರಲಿಲ್ಲ. ಚಪ್ಪಲಿ ಹೊಲಿಯುವ ಮನೆಯ ಹುಲುಗಮ್ಮ ಬಂದು ಬೀದಿಯಲ್ಲೇ ನಿಂತಳು. ಹಿಂದೆ ಅವಳ ಮಗ, ನಮ್ಮ ಫುಟ್‌ಬಾಲ್ ತಂಡದ ಗೋಲಿ, ಅಂದರೆ ಗೋಲು ಕಾಯುವವ, ಜಂಬಪ್ಪ.

"ಅಯ್ನೋರ, ನನ್ನ ಮಗ ಚೆಂಡು ಚುಚ್ಚಿಲ್ರಿ. ಸಂಡೂರು ಗಣಿ ಸಾಹೇಬ್ರು ಯಂತ್ರದ ಪಟ್ಟಿ ಹೊಲಿಯೋ ಕೆಲಸ ಕೊಡ್ತೀನಂದಿದ್ರು. ಈಗ ಮೋಸಗಾರ ಬ್ಯಾಡ ಅಂತಾರ."

ಹಿಂದಿನ ದಿನ ಮೈದಾನದಲ್ಲಿ ಜಂಬಪ್ಪನನ್ನು 'ಮೋಸಗಾರ' ಎಂದು ಮೊದಲು ಕೂಗಿದವನು ನಾನೇ. ತಂಡದ ಕಾರ್ಯದರ್ಶಿಯಾಗಿ ಊರಿನ ಮಾನ ಉಳಿಸಿದೆನೆಂದು ಬೀಗಿಯೂ ಇದ್ದೆ.

ಆ ಸಾಹೇಬರು ನಾರ್ವೆ ದೇಶದ ಇಂಜಿನಿಯರ್ ಲಿಂಡ್ವಿಕ್. ಅವರ ತಮ್ಮ ಅಲ್ಲಿನ ದೊಡ್ಡ ಲೀಗಿನಲ್ಲಿ ಗೋಲಿ. ಅವನ ಕಾಗದ ಬಂದಾಗಲೆಲ್ಲ ಸಾಹೇಬರು ನಮಗೆ ಓದಿ ಹೇಳುತ್ತಿದ್ದರು. ಅಲ್ಲಿ ಒಂದೇ ಪಂದ್ಯಕ್ಕೆ ಹಣೆಬರಹ ಮುಗಿಯುವುದಿಲ್ಲ, ಊರೂರಿಗೆ ಹೋಗಿ ಆಡಿ ತಿಂಗಳುಗಟ್ಟಲೆ ಪಾಯಿಂಟು ಕೂಡಿಸಬೇಕು. ಆ ಪದ್ಧತಿಯಲ್ಲೇ ಹೊಸಪೇಟೆ, ಕಂಪ್ಲಿ, ಸಂಡೂರು, ಕಮಲಾಪುರ ತಂಡಗಳು ದೀಪಾವಳಿಯಿಂದ ಆಡಿದ್ದವು. ಕೊನೆಯ ಪಂದ್ಯ ಕಂಪ್ಲಿಯ ಮೇಲೆ, ನಮಗೆ ಸಮ ಮಾಡಿಕೊಂಡರೂ ಸಾಕಿತ್ತು. ಯಾರೂ ಗೋಲು ಹೊಡೆದಿರಲಿಲ್ಲ. ಹತ್ತು ನಿಮಿಷ ಉಳಿದಿದ್ದಾಗ ಚೆಂಡು ಗಾಳಿ ಬಿಟ್ಟಿತು. ಬೇರೆ ಚೆಂಡಿರಲಿಲ್ಲ. ಸೋಲು ತಪ್ಪಿಸಲು ಹೊಸಪೇಟೆಯವರೇ ಚುಚ್ಚಿದರೆಂದು ಕಂಪ್ಲಿಯವರು ಕೂಗಾಡಿದರು. ಚೆಂಡಿನ ದಾರ ಬಿಗಿಯುತ್ತಿದ್ದವನು ಜಂಬಪ್ಪ, ದಬ್ಬಳ ಇದ್ದದ್ದು ಅವನ ಸೊಂಟದಲ್ಲಿ.

"ಚೆಂಡು ಎಲ್ಲೈತಿ?" ಎಂದರು ಕೊಟ್ರಯ್ಯ.

"ಯಾವಾಗಲೂ ನಮ್ಮ ಮನ್ಯಾಗ, ಗೋಡೆ ಅಲಮಾರದಾಗ," ಎಂದೆ.

ಕೊಟ್ರಯ್ಯ ನಮ್ಮ ಮನೆಗೆ ಬಂದು ಅಲಮಾರದ ಮುಂದೆ ನಿಂತರು. ಇರುವೆಗಳ ಸಾಲೊಂದು ಚೆಂಡಿನವರೆಗೂ ಹತ್ತಿತ್ತು. ಚರ್ಮ ಮಿರಮಿರ ಮಿಂಚುತ್ತಿತ್ತು. ಒಳಗಿನ ರಬ್ಬರ್ ಚೀಲವನ್ನು ಹೊರಗೆಳೆದಾಗ ಅದು ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಸಾಹೇಬರು ಚೆಂಡಿನ ಜೊತೆ ಕೊಟ್ಟಿದ್ದ ಡಬ್ಬಿ ಎಲ್ಲಿ ಎಂದು ಕೊಟ್ರಯ್ಯ ಕೇಳಿದರು. ದನದ ಕೊಬ್ಬು ಅದು, ಪ್ರತಿ ಪಂದ್ಯದ ನಂತರ ಚರ್ಮಕ್ಕೆ ತಿಕ್ಕಬೇಕೆಂದು ಸಾಹೇಬರ ತಮ್ಮ ಕಳಿಸಿದ್ದು. ಅದನ್ನು ಹಿತ್ತಲ ಕಟ್ಟಿಗೆಯ ಕೆಳಗಿಂದ ತಂದುಕೊಟ್ಟೆ. ಮುಚ್ಚಳಕ್ಕೆ ಅಂಟಿಸಿದ ಕಾಗದ ಹರಿದಿರಲಿಲ್ಲ.

ಕೊಟ್ರಯ್ಯ ನನ್ನ ಹೆಂಡತಿ ಸಂಗಮ್ಮನ ಕಡೆ ತಿರುಗಿದರು. "ತಂಗಿ, ಈ ವರ್ಷ ಒಗ್ಗರಣಿಗೆ ಎಣ್ಣಿ ಜಾಸ್ತಿ ಹಿಡೀತೇನು?"

"ಏನೋ ಗೊತ್ತಿಲ್ರಿ. ಶೇಂಗಾ ಎಣ್ಣಿ ಗಿಂಡಿ ಭಾಳ ಜಲ್ದಿ ಖಾಲಿ ಆಗತೈತಿ."

ಆಗಲೇ ನನಗೆ ಎಲ್ಲ ಅರ್ಥವಾಗಿತ್ತು. ಆದರೂ ಬಾಯಿಬಿಡಲಿಲ್ಲ, ಅದೇ ನನ್ನ ದೊಡ್ಡ ತಪ್ಪು.

ಸಂಜೆ ಮೈದಾನದ ಹುಣಸೆಮರದ ಕೆಳಗೆ ಸಾಹೇಬರು, ಕಂಪ್ಲಿಯ ನಾಯಕ ಪಾಲಪ್ಪ, ಹುಲುಗಮ್ಮ, ಜಂಬಪ್ಪ ಎಲ್ಲರೂ ಸೇರಿದರು.

"ಪಾಲಪ್ಪ, ದಾರ ಬಿಗಿದಿದ್ದು ಆಟದ ಮೊದಲು. ಆಗಲೇ ಚುಚ್ಚಿದ್ರ ಚೆಂಡು ಎಷ್ಟು ಹೊತ್ತು ಪುಟೀತಿತ್ತು?" ಎಂದರು ಕೊಟ್ರಯ್ಯ.

"ಐದು ನಿಮಿಷಾನೂ ಇಲ್ರಿ."

"ನಿನ್ನೆ ಕೊನೀ ಹತ್ತು ನಿಮಿಷದತನಕ ಪುಟೀತು. ಚೀಲ ಒಂದು ಕಡೆ ತೂತಾಗಿದ್ದಲ್ಲ, ಇಡೀ ಮೈ ಕೊಳೆತಿತ್ತು. ಚರ್ಮ ಮಿಂಚತೈತಿ, ಆದ್ರ ಕೊಬ್ಬಿನ ಡಬ್ಬಿ ಒಡದಿಲ್ಲ. ಅಂದ್ರ ಬ್ಯಾರೆ ಏನೋ ತಿಕ್ಯಾರ. ಇರುವಿ ಹತ್ಯಾವ, ಅಡಗಿಮನಿ ಎಣ್ಣಿ ಕಡಿಮಿ ಆಗೈತಿ. ಸಾಹೇಬ್ರ, ಎಣ್ಣಿ ಕುಡುದ್ರ ರಬ್ಬರ್ ಏನಾಗತೈತ್ರಿ?"

"ರಬ್ಬರ್ ಸಾಯ್ತದೆ," ಎಂದರು ಸಾಹೇಬರು ತಮ್ಮ ಅರೆಬರೆ ಕನ್ನಡದಲ್ಲಿ.

"ಜಂಬಪ್ಪ, ಚರ್ಮದ ಕೆಲಸ ಬಲ್ಲವ ನೀನು. ಕೊಬ್ಬು ನೀನ್ಯಾಕ ಹಚ್ಚಲಿಲ್ಲ?"

ಜಂಬಪ್ಪ ನೆಲ ನೋಡಿದ. "ಪ್ರತಿ ವಾರ ಬಾಗಲಾಗ ನಿಂತು ಕೇಳಿದ್ನಿರಿ. ಕೆಲಸ ಆಗೈತಿ, ಹೋಗು ಅಂದ್ರು."

"ಎಣ್ಣಿ ಹಚ್ಚಿದವ್ರ ಹೆಸರು ನಾ ಹೇಳಂಗಿಲ್ಲ. ಅವರ ಬಾಯಾಗ ಬರಲಿ," ಎಂದರು ಕೊಟ್ರಯ್ಯ. ನನ್ನ ಕಡೆ ನೋಡಲೂ ಇಲ್ಲ.

ಎದ್ದು ನಿಂತೆ. "ನಾನು ಹಚ್ಚಿದ್ನಿ. ನಮ್ಮದು ಲಿಂಗ ಕಟ್ಟಿದ ಮನಿ, ದನದ ಕೊಬ್ಬು ಮುಟ್ಟಂಗಿಲ್ಲ. ಜಂಬಪ್ಪನ್ನ ಒಳಗ ಬಿಡಂಗೂ ಇಲ್ಲ. ಚೆಂಡು ಹೊರಗ ಅವನ ಕೈಗೆ ಕೊಡಬಹುದಿತ್ತು. ತಂಡದ ಚೆಂಡು ನಮ್ಮನಿಯಾಗೇ ಇರಬೇಕು ಅನ್ನೋ ಜಂಬ ನಂದು. ಇವತ್ತು ಬೆಳಿಗ್ಗೆನೇ ಗೊತ್ತಾತು, ಸುಮ್ಮನಿದ್ನಿ."

ಪಾಲಪ್ಪ ತಂಬಾಕು ಉಗುಳಿದ. ಜಂಬಪ್ಪನಿಗೆ ಕೆಲಸ ಖಾಯಂ ಎಂದರು ಸಾಹೇಬರು. ಹೊಸ ಚೀಲ ಹಾಕಿ ಮುಂದಿನ ವಾರ ಪಂದ್ಯವನ್ನು ಮತ್ತೆ ಆಡುವುದು, ಅಲ್ಲಿಯತನಕ ಚೆಂಡೂ ಡಬ್ಬಿಯೂ ಜಂಬಪ್ಪನ ಮನೆಯಲ್ಲೇ ಇರುವುದು ಎಂದು ತೀರ್ಮಾನವಾಯಿತು.

ಪಂದ್ಯದ ದಿನ ಚೆಂಡು ತರಲು ಅವರ ಕೇರಿಗೆ ಹೋದೆ. ಕಾರ್ಯದರ್ಶಿಯಾಗಿ ಅದು ನನ್ನ ಕೆಲಸ. ನಾನು ಅವನನ್ನು ನಿಲ್ಲಿಸಿದಂತೆ ಜಂಬಪ್ಪ ನನ್ನನ್ನೂ ಬಾಗಿಲಲ್ಲಿ ನಿಲ್ಲಿಸಲಿ, 'ಹೋಗು' ಎನ್ನಲಿ, ಲೆಕ್ಕ ಸಮವಾಗುತ್ತದೆ ಎಂದುಕೊಂಡಿದ್ದೆ.

ಹುಲುಗಮ್ಮ ಸೆರಗಿನಿಂದ ಚಾಪೆ ಒರೆಸಿ ಹಾಸಿದಳು.

"ಬಿಸಲಾಗ ಯಾಕ ನಿಂತೀರಿ ಸಾವ್ಕಾರ್ರ? ಒಳಗ ಬರ್ರಿ, ಕುಂದ್ರಿ," ಎಂದಳು.